ಹೊಳೆಯ ಮೀನಿಗೆ ಎರಡು ದಡದ ಒಪ್ಪಂದ ಬೇಕು

ದಾವಣಗೆರೆ ಮತ್ತು ಹರಿಹರದ ನಾಗರಿಕ ಬಂಧುಗಳೇ,

ಬರುವ ಮುಂಗಾರಿನಲ್ಲಿ, ಜೂನ್ 15ರಿಂದ ಆಗಸ್ಟ್ 15ರವರೆಗೆ, ತುಂಗಭದ್ರೆಯ ಮೀನನ್ನು ಹಿಡಿಯುವುದು ಬೇಡ, ಮಾರುವುದು ಬೇಡ, ಕೊಳ್ಳುವುದೂ ಬೇಡ. ಹರಿಹರದ ದಡದವರೂ ಎದುರಿನ ಕುಮಾರಪಟ್ಟಣದ ದಡದವರೂ ಇದನ್ನು ಒಂದೇ ಕಟ್ಟಳೆಯಾಗಿ ಒಪ್ಪಿಕೊಂಡು ನಡೆಸಲಿ. ಈ ಮನವಿಯ ತಿರುಳು ಇಷ್ಟೇ. ಯಾಕೆ ಬೇಕು, ಆಗುವ ಮಾತೇ, ಯಾರು ಏನು ಮಾಡಬೇಕು ಎಂಬುದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಬಯಲುಸೀಮೆಯ ನಮಗೆ ಮೀನಿನ ಚಿಂತೆ ಯಾಕೆ ಎಂದು ಕೆಲವರು ಕೇಳಬಹುದು. ಮೀನು ಒಲೆಯ ಹತ್ತಿರಕ್ಕೂ ಬಾರದ ಮನೆಗಳು ನಮ್ಮಲ್ಲಿ ಬಹಳ. ಆ ಮನೆಗಳಿಗೂ ಈ ಮನವಿ ಸಲ್ಲುತ್ತದೆ. ದಾವಣಗೆರೆಯ ನಲ್ಲಿಗಳಲ್ಲಿ ಬರುವ ನೀರಿನ ದೊಡ್ಡ ಪಾಲು ಹರಿಹರದ ಪಕ್ಕದ ರಾಜನಹಳ್ಳಿಯಲ್ಲಿ ಎತ್ತಿದ ಹೊಳೆಯ ನೀರು. ಮೀನು ಉಸಿರಾಡಲಾರದ ನೀರನ್ನು ಎಷ್ಟು ಶುದ್ಧೀಕರಿಸಿ ಕುಡಿದರೂ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಪ್ರಯೋಗಾಲಯದ ವರದಿ ಕೈಗೆ ಬರುವುದಕ್ಕೆ ಮೊದಲೇ ನೀರಿನ ಗತಿಯನ್ನು ಹೇಳುವುದು ಮೀನು. ಆದ್ದರಿಂದ ಇದು ಮೀನೂಟದವರ ವಿಷಯ ಎಂದು ಯಾರೂ ಪುಟ ತಿರುಗಿಸಬೇಡಿ.

ಸಮುದ್ರದಲ್ಲಿ ನಡೆದದ್ದು

ಒಮ್ಮೆ ಕೈಬಿಟ್ಟುಹೋಗುತ್ತಿದ್ದ ಮೀನು ಮತ್ತೆ ತುಂಬಿಕೊಳ್ಳಬಲ್ಲದೇ? ಇದಕ್ಕೆ ಜಗತ್ತಿನಲ್ಲಿ ಸಿಕ್ಕಿರುವ ಅತ್ಯಂತ ಸ್ಪಷ್ಟ ಉತ್ತರ ಟ್ಯೂನಾ ಮೀನಿನದು. ಕರಾವಳಿಯವರಿಗೆ ಟ್ಯೂನಾ ಪರಿಚಿತ. ನಮ್ಮಲ್ಲಿ ಬಹಳ ಜನರಿಗೆ ಅದು ಸೂಪರ್ ಮಾರ್ಕೆಟ್ಟಿನ ಡಬ್ಬಿಯ ಮೇಲಿನ ಚಿತ್ರ. ಅದು ಸಾವಿರಾರು ಮೈಲಿ ಈಜುವ ಮೀನು. ಒಂದು ದೇಶದ ನೀರಿನಲ್ಲಿ ಹುಟ್ಟಿ, ಇನ್ನೊಂದರಲ್ಲಿ ಬೆಳೆದು, ಮತ್ತೊಂದು ದೇಶದ ಹಡಗಿನ ಬಲೆಗೆ ಬೀಳುತ್ತದೆ. ಹಾಗಾಗಿ ಯಾವ ಒಂದು ದೇಶವೂ ತಾನೊಂದೇ ನಿಂತು ಅದನ್ನು ಉಳಿಸಲಾರದು. ಆದರೆ ಒಂದೇ ದೇಶದ ದುರಾಸೆ ಸಾಕು, ಉಳಿದವರ ಶ್ರಮವನ್ನು ಹಾಳುಮಾಡಲು.

ಅಟ್ಲಾಂಟಿಕ್ ಸಾಗರದ ಬ್ಲೂಫಿನ್ ಟ್ಯೂನಾದ ಕತೆ ಹೇಳುತ್ತೇನೆ. ಬ್ಲೂಫಿನ್ ಜಾತಿಯ ಮೀನಿಗೆ ಇರುವ ಬೆಲೆ ಎಂಥದೆಂದರೆ 2019ರ ಹೊಸವರ್ಷದ ಹರಾಜಿನಲ್ಲಿ ಟೋಕಿಯೊ ಮಾರುಕಟ್ಟೆಯಲ್ಲಿ 278 ಕಿಲೋ ತೂಗಿದ ಪೆಸಿಫಿಕ್ ಬ್ಲೂಫಿನ್ ಒಂದು 33 ಕೋಟಿ ಯೆನ್ನಿಗೂ ಮೇಲೆ ಹೋಯಿತು. ಇಂಥ ಮೀನಿನ ಹಿಂದೆ ಯಾರು ಬೀಳುವುದಿಲ್ಲ? ಅಟ್ಲಾಂಟಿಕ್ಕಿನ ಟ್ಯೂನಾ ಕಾಯಲೆಂದು 1966ರಲ್ಲಿ ರಿಯೋ ಡಿ ಜನೈರೊದಲ್ಲಿ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು, 1969ರಲ್ಲಿ ಅದು ಜಾರಿಗೆ ಬಂತು, ಮ್ಯಾಡ್ರಿಡ್‌ನಲ್ಲಿ ಆಯೋಗದ ಕಚೇರಿ ತೆರೆಯಿತು. ಕಾಗದದ ಮೇಲೆ ಎಲ್ಲವೂ ಇತ್ತು. ಹಡಗುಗಳು ಮಾತ್ರ ತಮಗೆ ಬೇಕಾದಷ್ಟು ಬಾಚುತ್ತಲೇ ಹೋದವು. 2007ರ ಹೊತ್ತಿಗೆ ವಿಜ್ಞಾನಿಗಳು ಹೇಳಿದ್ದು ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ನಲ್ಲಿ ವರ್ಷಕ್ಕೆ 15,000 ಟನ್ ದಾಟಬಾರದು ಎಂದು. ಆಯೋಗ ಗೊತ್ತುಮಾಡಿದ್ದು 29,500 ಟನ್. ನಿಜವಾಗಿ ಹಿಡಿದದ್ದು 50,000 ಟನ್ನಿಗೂ ಮೇಲೆ ಎಂಬ ಅಂದಾಜು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ.

2010ರ ಮಾರ್ಚ್‌ನಲ್ಲಿ ದೋಹಾದಲ್ಲಿ ಸೇರಿದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಪುಟ್ಟ ದೇಶ ಮೊನಾಕೊ ಎದ್ದು, ಈ ಮೀನಿನ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಲ್ಲಿಸೋಣ ಎಂದು ಪ್ರಸ್ತಾವ ಇಟ್ಟಿತು. ಜಪಾನ್ ಮುಂದಾಳಾಗಿ ನಿಂತು ವಿರೋಧಿಸಿತು, ಪ್ರಸ್ತಾವ ಬಿದ್ದುಹೋಯಿತು. ಆದರೆ ಕೈಯಲ್ಲಿರುವ ವ್ಯಾಪಾರವೇ ತಪ್ಪಿಹೋದೀತೆಂಬ ಹೆದರಿಕೆ ಎಲ್ಲರಿಗೂ ಮುಟ್ಟಿತು. 2011ರ ವೇಳೆಗೆ ಮಿತಿ 12,900 ಟನ್ನಿಗೆ ಇಳಿಯಿತು. ಈ ಸಲ ಮಿತಿಯ ಬೆನ್ನಿಗೆ ಕಾವಲೂ ಬಂತು: ದೊಡ್ಡ ಹಡಗುಗಳ ಮೇಲೆ ವೀಕ್ಷಕರು, ಹಿಡಿದ ಮೀನು ಯಾವ ಹಡಗಿನದು, ಯಾವ ಬಂದರಿಗೆ ಹೋಯಿತು ಎನ್ನುವ ದಾಖಲೆ, ದೊಡ್ಡ ಬಲೆಯ ಹಡಗುಗಳಿಗೆ ವರ್ಷದಲ್ಲಿ ಕೆಲವೇ ವಾರಗಳ ಅವಕಾಶ, ಕೆಲವು ವಿನಾಯಿತಿ ಬಿಟ್ಟರೆ 30 ಕಿಲೋಗಿಂತ ಸಣ್ಣದನ್ನು ಹಿಡಿಯಬಾರದೆಂಬ ನಿಯಮ.

ಮುಂದೆ ಏನಾಯಿತು? ಮೀನು ಮರಳಿತು. 2020ಕ್ಕೆ ಮಿತಿಯನ್ನು 36,000 ಟನ್ನಿಗೆ, 2023ರಿಂದ 40,570 ಟನ್ನಿಗೆ ಏರಿಸುವಷ್ಟು ಧೈರ್ಯ ಆಯೋಗಕ್ಕೆ ಬಂತು. 2021ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ತನ್ನ ಕೆಂಪು ಪಟ್ಟಿಯಲ್ಲಿ ಅಟ್ಲಾಂಟಿಕ್ ಬ್ಲೂಫಿನ್ನನ್ನು ಅಪಾಯದ ಗುಂಪಿನಿಂದ ತೆಗೆದು, ಸದ್ಯ ಚಿಂತೆಯಿಲ್ಲದ ಗುಂಪಿಗೆ ಸೇರಿಸಿತು. ಪೆಸಿಫಿಕ್ ಸಾಗರದ ಬ್ಲೂಫಿನ್ ಇನ್ನೂ ಕೆಳಗೆ ಬಿದ್ದಿತ್ತು. ಹಿಡಿಯದೆ ಬಿಟ್ಟಿದ್ದರೆ ಇರಬೇಕಾಗಿದ್ದ ಪ್ರಮಾಣದ ಶೇ 3ರಷ್ಟೂ ಉಳಿದಿರಲಿಲ್ಲ. ಮರಿಮೀನು ಹಿಡಿಯುವುದನ್ನು 2002–04ರ ಮಟ್ಟದ ಅರ್ಧಕ್ಕೆ ಇಳಿಸಿದರು. ಶೇ 20 ತಲುಪಲು 2034ರವರೆಗೆ ಗಡುವು ಹಾಕಿಕೊಂಡಿದ್ದರು. ಸುಮಾರು ಹತ್ತು ವರ್ಷ ಮೊದಲೇ ಆ ಗುರಿ ದಾಟಿತು.

ನಮ್ಮದೇ ಹಿಂದೂ ಮಹಾಸಾಗರಕ್ಕೂ ಇಂಥ ಆಯೋಗವಿದೆ. ಇದರ ಒಪ್ಪಂದ 1996ರಲ್ಲಿ ಜಾರಿಗೆ ಬಂತು, ಕಚೇರಿ ಸೆಷೆಲ್ಸ್‌ನಲ್ಲಿದೆ, ಭಾರತ ಸದಸ್ಯ ದೇಶ. 2015ರಲ್ಲಿ ಇಲ್ಲಿಯ ಯೆಲ್ಲೊಫಿನ್ ಟ್ಯೂನಾ ಮಿತಿಮೀರಿ ಹಿಡಿಯಲ್ಪಟ್ಟಿದೆ ಎಂದು ವಿಜ್ಞಾನಿಗಳು ಹೇಳಿದಾಗ ದೊಡ್ಡ ಜಗಳವೇ ನಡೆಯಿತು. ದೂರದ ಯುರೋಪಿನಿಂದ ಬಂದ ದೈತ್ಯ ಹಡಗುಗಳು ಎಷ್ಟು ಬಿಡಬೇಕು, ದಡದ ಬಡ ಮೀನುಗಾರರು ಎಷ್ಟು ಬಿಡಬೇಕು? ಭಾರತ ಸಹಿತ ಕೆಲವು ದೇಶಗಳು ಮಿತಿಯ ನಿರ್ಣಯಗಳಿಗೆ ಆಕ್ಷೇಪ ಸಲ್ಲಿಸಿ ಹೊರಗೆ ನಿಂತವು. ದಡದ ಬಡವರ ಮೇಲೆ ಹೊರೆ ಬೀಳಬಾರದೆಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಲಕ್ಷದ್ವೀಪದ ಮೀನುಗಾರರು ಇವತ್ತಿಗೂ ಗಾಳ ಮತ್ತು ಕೋಲಿನಿಂದ ಒಂದೊಂದಾಗಿ ಟ್ಯೂನಾ ಹಿಡಿಯುತ್ತಾರೆ. ಸಾಗರ ಬರಿದಾದದ್ದು ಅವರಿಂದಲ್ಲ. ಹೀಗೆ ಹಗ್ಗಜಗ್ಗಾಟ ನಡೆಯುತ್ತಲೇ 2023ರಲ್ಲಿ ಬಿಗ್‌ಐ ಟ್ಯೂನಾಕ್ಕೆ ಮೊದಲ ಸಲ ಹಿಡಿಯುವ ಮಿತಿ ಬಂತು. 2024ರ ಹೊಸ ಅಂದಾಜು ಯೆಲ್ಲೊಫಿನ್ ಸುಧಾರಿಸಿದೆ ಎಂದಿತು. ವಿಶ್ವಸಂಸ್ಥೆ ಮೇ 2ನ್ನು ಟ್ಯೂನಾ ದಿನವೆಂದು ಗೊತ್ತುಮಾಡಿದ್ದು ಇಷ್ಟೆಲ್ಲ ಜಗಳದ ನಡುವೆಯೇ.

ಇದರಿಂದ ನಾನು ಎತ್ತಿಕೊಂಡಿರುವುದು ಮೂರು ಮಾತು. ಮೀನು ಎಷ್ಟಿದೆ ಎಂದು ಎಣಿಸುವವರ ಮಾತಿಗೆ ಕಿವಿಗೊಡಬೇಕು. ಮರಿಯನ್ನೂ ಮೊಟ್ಟೆಯ ಮೀನನ್ನೂ ಬಿಡಬೇಕು. ನೀರನ್ನು ಹಂಚಿಕೊಂಡ ಎಲ್ಲ ದಡಗಳೂ ಒಂದೇ ನಿಯಮಕ್ಕೆ ಬರಬೇಕು, ಬಡವನ ಪಾಲಿಗೆ ಅದರಲ್ಲಿ ಜಾಗವಿರಬೇಕು. ಒಪ್ಪಂದವಾಗಿ ನಲವತ್ತು ವರ್ಷ ಕಳೆದರೂ ಬಾರದ ಫಲ ಈ ಮೂರು ಒಟ್ಟಿಗೆ ಕೂಡಿದ ಹತ್ತು ವರ್ಷದಲ್ಲಿ ಬಂತು.

ನಮ್ಮ ಹೊಳೆಯ ಸ್ಥಿತಿ

ಈಗ ಹರಿಹರಕ್ಕೆ ಬನ್ನಿ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ, ಹೊನ್ನಾಳಿ ದಾಟಿ ನಮ್ಮಲ್ಲಿಗೆ ಬರುವ ಹೊಳೆ ಇಲ್ಲಿ ಎರಡು ಜಿಲ್ಲೆಗಳ ಗಡಿ. ಸೇತುವೆ ದಾಟಿದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. 1956ಕ್ಕೆ ಮೊದಲು ಇದು ರಾಜ್ಯಗಳ ಗಡಿಯೇ ಆಗಿತ್ತು: ಈಚೆ ಮೈಸೂರು, ಆಚೆ ಮುಂಬಯಿ. ರಾಜ್ಯ ಒಂದಾಗಿ ಏಳು ದಶಕ ಕಳೆದರೂ ಹೊಳೆಯ ಕಾವಲು ಒಂದಾಗಿಲ್ಲ. ಈಚೆಯ ಮೀನುಗಾರಿಕೆ ಇಲಾಖೆಯ ಅಧಿಕಾರಿ ಬೇರೆ, ಆಚೆಯವರು ಬೇರೆ, ಪೊಲೀಸ್ ಠಾಣೆ ಬೇರೆ, ತಹಶೀಲ್ದಾರರು ಬೇರೆ. ಈಚೆ ದಡದಲ್ಲಿ ಗದರಿಸಿದರೆ ಕಳ್ಳಬಲೆಯವನು ತೆಪ್ಪ ತಿರುಗಿಸಿಕೊಂಡು ಆಚೆ ಹೋದರೆ ಮುಗಿಯಿತು. ಟ್ಯೂನಾ ಹಿಡಿಯುವ ಹಡಗು ಧ್ವಜ ಬದಲಿಸಿಕೊಂಡು ತಪ್ಪಿಸಿಕೊಳ್ಳುವ ಚಾಳಿಯೂ ಇದೇ ಜಾತಿಯದು.

ಈ ನೀರಿನಲ್ಲಿ ಹುಟ್ಟಿ ಬೆಳೆದ ಮೀನುಗಳು ಎಂಥವು? ಬಾಳೆ ಮೀನು, ಕೆಮ್ಮೀನು, ಕಾಗೆಮೀನು, ಹಾವುಮೀನು, ಮೀಸೆ ಮೀನಿನ ಹಲವು ಬಗೆ, ತುಂಗೆಯ ಕಡೆಯಿಂದ ಬರುವ ಮಹಸೀರ್. ಬಾಳೆ ಮೀನನ್ನು ಇವತ್ತು ಕೆಂಪು ಪಟ್ಟಿ ಅಪಾಯಕ್ಕೊಳಗಾಗಬಹುದಾದ ಜಾತಿ ಎಂದು ಗುರುತಿಸಿದೆ. ಹುಲ್ಲು ಮೇಯುವ ಒಂದು ದೊಡ್ಡ ದೇಸಿ ಗೆಂಡೆಯೂ ಈ ಹೊಳೆಗಳಲ್ಲಿ ಸಿಗುತ್ತಿತ್ತು. ವಿಜ್ಞಾನಿಗಳು ಅದನ್ನು ಪುಲ್ಚೆಲ್ಲಸ್ ಎನ್ನುತ್ತಾರೆ. ಈಗ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಇವುಗಳ ಜಾಗಕ್ಕೆ ಜಿಲೇಬಿ ಮೀನು ಬಂದು ಕೂತಿದೆ. ಅದು ನಮ್ಮ ನೆಲದ್ದಲ್ಲ, ಆಫ್ರಿಕಾದಿಂದ ಬಂದದ್ದು. ಕೊಳಚೆಯಲ್ಲೂ ಮರಿ ಮಾಡುತ್ತದೆ. ಬಲೆಯಲ್ಲಿ ಜಿಲೇಬಿಯೇ ತುಂಬಿ ಬಂದರೆ ಹೊಳೆಯಲ್ಲಿ ಮೀನು ಬೇಕಾದಷ್ಟಿದೆ ಎಂದು ತಿಳಿಯಬಾರದು.

ಹಾಳಾದದ್ದು ಹೇಗೆ? ಕಾರಣ ಒಂದಲ್ಲ. ಮೇಲೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಗಾಜನೂರಿನ ತುಂಗಾ ಅಣೆಕಟ್ಟು, ಕೆಳಗೆ 1953ರಲ್ಲಿ ನೀರು ತುಂಬಿದ ಹೊಸಪೇಟೆಯ ಅಣೆಕಟ್ಟು. ಮಳೆಗಾಲದಲ್ಲಿ ಮೊಟ್ಟೆಯಿಡಲು ಪ್ರವಾಹದ ಎದುರು ಹತ್ತಿ ಬರುವ ಮೀನಿಗೆ ಎರಡೂ ಕಡೆ ಗೋಡೆ. ಈ ಅಣೆಕಟ್ಟುಗಳಿಂದಲೇ ನಮ್ಮ ಭತ್ತ, ನಮ್ಮ ಅಡಿಕೆ, ನಮ್ಮ ಬದುಕು. ಅವನ್ನು ಕೆಡವಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅವುಗಳ ನಡುವೆ ಉಳಿದ ಈ ಹರಿವು ಮೀನಿಗೆ ಉಳಿದಿರುವ ಕೊನೆಯ ಹಾಸಿಗೆ. ಆ ಹಾಸಿಗೆಯ ಮರಳನ್ನೂ ಹೊನ್ನಾಳಿಯಿಂದ ಹರಿಹರದವರೆಗೆ ನಾವು ಎತ್ತಿ ಸಾಗಿಸಿದ್ದೇವೆ. ಮರಳು, ಗರಸು ಇಲ್ಲದ ತಳದಲ್ಲಿ ಮೊಟ್ಟೆ ನಿಲ್ಲುವುದಿಲ್ಲ.

ಇನ್ನು ಕೊಳಚೆ. ಹರಿಹರದ ಚರಂಡಿ ನೀರು ಹೊಳೆಗೆ ಇಳಿಯುವುದನ್ನು ದಡದಲ್ಲಿ ನಿಂತವರೆಲ್ಲ ಕಣ್ಣಾರೆ ಕಂಡಿದ್ದಾರೆ. ದಾವಣಗೆರೆಯ ಕೊಳಚೆಯೂ ಹಳ್ಳ ಹಿಡಿದು ಕೊನೆಗೆ ಸೇರುವುದು ತುಂಗಭದ್ರೆಯ ಪಾತ್ರಕ್ಕೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕರ್ನಾಟಕದಲ್ಲಿ ಮಲಿನಗೊಂಡ 17 ನದಿ ಭಾಗಗಳನ್ನು ಪಟ್ಟಿಮಾಡಿದಾಗ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಅದರಲ್ಲಿದ್ದವು. ಬೇಸಿಗೆಯಲ್ಲಿ ಹರಿವು ನಿಂತು ಹೊಳೆ ಅಲ್ಲಲ್ಲಿ ಮಡುಗಳಾಗಿ ಉಳಿದಾಗ ಆ ಮಡುಗಳಲ್ಲಿ ನೀರಿಗಿಂತ ಚರಂಡಿಯೇ ಹೆಚ್ಚಾದರೆ ಮೀನು ಎಲ್ಲಿಗೆ ಹೋಗಬೇಕು?

ಉಳಿದ ಕೇಡು ನೇರವಾಗಿ ಕೈಯಿಂದ ಆಗುವಂಥದು. ಬೇಸಿಗೆಯ ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದು, ಕರೆಂಟ್ ಬಿಡುವುದು, ಸಿಡಿಮದ್ದು ಹಾಕುವುದು. ಒಂದು ಬುಟ್ಟಿ ದೊಡ್ಡ ಮೀನಿಗಾಗಿ ಆ ಮಡುವಿನ ಮರಿ, ಸಿಗಡಿ, ಆಮೆ, ಹುಳುವೆಲ್ಲ ನಾಶ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದು 1897ರ ಬ್ರಿಟಿಷರ ಕಾಯ್ದೆಯಲ್ಲೇ ಅಪರಾಧ. ನಮ್ಮ ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದನ್ನು ತಡೆಯುತ್ತದೆ; ಬಲೆಯ ಕಣ್ಣು ಎಷ್ಟಿರಬೇಕು, ಯಾವ ಕಾಲದಲ್ಲಿ ಹಿಡಿಯಬಾರದು ಎಂದು ಗೊತ್ತುಮಾಡುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಡುತ್ತದೆ. ಕಾನೂನಿಗೆ ಬರವಿಲ್ಲ. ದಡದಲ್ಲಿ ನಿಂತು ಅದನ್ನು ನಡೆಸುವವರಿಗೆ ಬರ.

ಮುಂಗಾರಿನ ಮೊದಲ ಕೆನ್ನೀರು ಬಂದಾಗ ನಡೆಯುವುದನ್ನಂತೂ ನಾವೆಲ್ಲ ಹಬ್ಬವೆಂದೇ ತಿಳಿದಿದ್ದೇವೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹಳ್ಳದ ಬಾಯಿಗೆ, ಗದ್ದೆಯ ಅಂಚಿಗೆ ಹತ್ತಿ ಬರುವ ಮೀನನ್ನು ಬಲೆ, ಕೂಳಿ, ಕತ್ತಿ, ದೊಣ್ಣೆ ಸಿಕ್ಕಿದ್ದರಲ್ಲಿ ಹೊಡೆಯುತ್ತೇವೆ. ಮಲೆನಾಡಿನಲ್ಲಿ ಇದನ್ನು ಹತ್ತುಮೀನು ಬೇಟೆ ಎನ್ನುತ್ತಾರೆ. ಮೊಟ್ಟೆ ಇರುವ ಮೀನು ರುಚಿ ಎಂದು ಎರಡು ಕಾಸು ಹೆಚ್ಚು ಕೊಟ್ಟು ಕೊಳ್ಳುವವರು ನಾವು. ಒಂದು ದೊಡ್ಡ ಗೆಂಡೆಯ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಬಿತ್ತನೆಯ ಬೀಜವನ್ನು ಹುರಿದು ತಿಂದ ರೈತ ಸುಗ್ಗಿಯಲ್ಲಿ ಯಾರನ್ನು ದೂರಬೇಕು?

ಹಿಂದೆ ನಾವು ಸುಮ್ಮನೆ ಕೂರಲಿಲ್ಲ

ಈ ಹೊಳೆಯ ಮೀನಿಗಾಗಿ ಇಲ್ಲಿನ ಜನ ಎದ್ದು ನಿಂತ ಚರಿತ್ರೆ ಇದೆ. 1980ರ ದಶಕದಲ್ಲಿ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯ ನೀರಿನಿಂದ ಕೆಳಗಿನ ಹಳ್ಳಿಗಳ ಬಳಿ ಮೀನು ಸತ್ತು ತೇಲಿದಾಗ ಮೊದಲು ಕೂಗಿದವರು ದಡದ ಮೀನುಗಾರರು ಮತ್ತು ರೈತರು. ಎಸ್.ಆರ್. ಹಿರೇಮಠರು ಮತ್ತು ಸಮಾಜ ಪರಿವರ್ತನ ಸಮುದಾಯದ ಗೆಳೆಯರು ಆ ಕೂಗನ್ನು ಚಳವಳಿಯಾಗಿ ಕಟ್ಟಿದರು, ನ್ಯಾಯಾಲಯದ ಮೆಟ್ಟಿಲೂ ಹತ್ತಿದರು. ಅದೇ ಕಾರ್ಖಾನೆಯ ಪಾಲುದಾರಿಕೆಯ ಕಂಪನಿಗೆ ಊರ ಗೋಮಾಳಗಳನ್ನು ನೀಲಗಿರಿ ಬೆಳೆಸಲು ಕೊಟ್ಟಾಗ 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಈ ಗೋಮಾಳಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಗೆ ಮುಂದೆ ನಿಂತವರು ಶಿವರಾಮ ಕಾರಂತರು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ಸತ್ತ ಮೀನಿನಿಂದ ಶುರುವಾದ ಮಾತು ಊರಿನ ನೆಲದ ಹಕ್ಕಿನವರೆಗೆ ಬೆಳೆಯಿತು. ಇಷ್ಟನ್ನು ಮಾಡಿದವರು ನಮ್ಮ ತಂದೆ ತಾಯಂದಿರ ತಲೆಮಾರಿನವರು.

ಹೊಳೆಯ ಮೇಲ್ಭಾಗದವರಿಂದ ಕಲಿಯುವುದೂ ಇದೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮಡುಗಳನ್ನು ದೇವರಿಗೆ ಬಿಟ್ಟಿದ್ದಾರೆ. ಅಲ್ಲಿ ಬಲೆ ಬೀಳುವುದಿಲ್ಲ. ಮಹಸೀರ್ ಕಾಲ ಬಳಿಗೇ ಬರುತ್ತದೆ. ಕಾವಲುಗಾರನಿಲ್ಲದೆ ಜನರ ಒಪ್ಪಿಗೆಯೇ ಕಾವಲಾದ ಜಾಗಗಳು ಅವು. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಹರಿಹರದವರೆಗೆ ಬಂತು. ಹೊಳೆಯ ಕೆಳಭಾಗದಲ್ಲಿ ಚೌಡದಾನಪುರವಿದೆ. ದೋಣಿ ನಡೆಸುತ್ತ ವಚನ ಬರೆದ ಅಂಬಿಗರ ಚೌಡಯ್ಯನವರ ಹೆಸರಿನ ಊರು. ಮೇಲಿನಿಂದ ಕೆಳಗಿನವರೆಗೆ ಹೊಳೆಯ ಮಕ್ಕಳು ಇದ್ದಾರೆ. ನಡುವೆ ಇರುವ ನಾವು ಮಾತ್ರ ಹಿಂದೆ ಬೀಳಬಾರದು.

ಎರಡು ಜಿಲ್ಲೆಗಳನ್ನು ಒಪ್ಪಿಸುವುದು ಕಷ್ಟ ಎನ್ನುತ್ತೀರಾ? ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಾಗಿ ನಿಲ್ಲಿಸಿ ಗುಡಿ ಕಟ್ಟಿಸಿದ ಊರು ಇದು. ದೇವರನ್ನು ಒಂದು ಮಾಡಿದ ಊರಿಗೆ ದಡಗಳನ್ನು ಒಂದು ಮಾಡುವುದು ಆಗದ ಕೆಲಸವಲ್ಲ.

ಯಾರು ಏನು ಮಾಡಬೇಕು

ಮೀನು ಕೊಳ್ಳುವ ತಾಯಂದಿರಲ್ಲಿ, ಅಣ್ಣಂದಿರಲ್ಲಿ ಮೊದಲ ವಿನಂತಿ. ಆ ಎರಡು ತಿಂಗಳು ಹೊಳೆಮೀನು ಬೇಡ ಎನ್ನಿ. ಕೆರೆಯಲ್ಲಿ, ಕೊಳದಲ್ಲಿ ಸಾಕಿದ ಕಾಟ್ಲಾ, ರೋಹು ಕೊಳ್ಳಿ. ವರ್ಷದ ಉಳಿದ ದಿನಗಳಲ್ಲೂ ಅಂಗೈಯಗಲದ ಮರಿ ಬಾಳೆ, ಮರಿ ಗೆಂಡೆ ಗುಡ್ಡೆ ಹಾಕಿ ಮಾರುತ್ತಿದ್ದರೆ ಮುಟ್ಟದೆ ಮುಂದೆ ಹೋಗಿ. ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬರುವ ಮೀನಿಗೂ ಇದೇ ಮಾತು: ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮರಿ ಬಂಗುಡೆ, ಮರಿ ಬೂತಾಯಿ ಕೊಂಡರೆ ಮುಂದಿನ ವರ್ಷದ ಊಟವನ್ನು ಈ ವರ್ಷವೇ ಉಂಡಂತೆ. ಕೇರಳ 2015ರಲ್ಲೇ ಹಲವು ಜಾತಿಗೆ ಕನಿಷ್ಠ ಅಳತೆ ಗೊತ್ತುಮಾಡಿ ಮರಿಮೀನು ಮಾರಾಟವನ್ನು ತಡೆಯಿತು. ಕೊಳ್ಳುವವರು ಬೇಡವೆಂದರೆ ಹಿಡಿಯುವವರ ಕೈ ತಾನಾಗಿ ನಿಲ್ಲುತ್ತದೆ.

ಹೋಟೆಲು, ಖಾನಾವಳಿ ನಡೆಸುವವರೇ, ಆ ಎರಡು ತಿಂಗಳು ನಿಮ್ಮ ಫಲಕದಿಂದ ಹೊಳೆಮೀನು ತೆಗೆಯಿರಿ. ತೆಗೆದದ್ದು ಯಾಕೆ ಎಂದೂ ಅದೇ ಫಲಕದ ಮೇಲೆ ಒಂದು ಸಾಲು ಬರೆಯಿರಿ. ಗಿರಾಕಿ ಓದುತ್ತಾರೆ.

ಮೀನುಗಾರ ಬಂಧುಗಳೇ, ನಿಮ್ಮನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಲು ಈ ಮನವಿ ಬರೆದಿಲ್ಲ. ಹೊಳೆ ಬರಿದಾದರೆ ಮೊದಲು ಉಪವಾಸ ಬೀಳುವವರು ನೀವು. ಬಲೆಯ ಕಣ್ಣು ದೊಡ್ಡದಿರಲಿ, ವಿಷ ಹಾಕುವವನನ್ನು ನೀವೇ ತಡೆಯಿರಿ, ಇಲಾಖೆಗೆ ತಿಳಿಸಿ. ಎರಡೂ ದಡದ ಮೀನುಗಾರರ ಸಹಕಾರ ಸಂಘಗಳು ಒಂದು ಕಡೆ ಕೂತು ನಿಷೇಧದ ದಿನಗಳನ್ನು ತಾವೇ ಗೊತ್ತುಮಾಡಲಿ. ನಿಮಗಿಂತ ಚೆನ್ನಾಗಿ ಮೀನಿನ ಕಾಲ ಬಲ್ಲವರು ಯಾರೂ ಇಲ್ಲ. ನಾನು ಹೇಳಿದ ದಿನಾಂಕಗಳನ್ನು ತಿದ್ದುವ ಹಕ್ಕು ನಿಮ್ಮದು.

ಆದರೆ ಎರಡು ತಿಂಗಳು ಬಲೆ ಒಣಹಾಕಿದರೆ ಮೀನುಗಾರರ ಮನೆ ನಡೆಯಬೇಕಲ್ಲ? ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನು ಹಿಡಿಯದ ತಿಂಗಳುಗಳಿಗೆಂದು ಮೀನುಗಾರ 1,500 ರೂಪಾಯಿ ಉಳಿಸಿದರೆ ಸರ್ಕಾರ 3,000 ಸೇರಿಸಿ ಮೂರು ತಿಂಗಳಿಗೆ 4,500 ಕೊಡುವ ಏರ್ಪಾಡಿದೆ. ಇದು ಸಾಲದು ಎಂಬುದು ಯಾರಿಗೂ ಗೊತ್ತಾಗುವ ಲೆಕ್ಕ. ಆದರೂ ನಮ್ಮ ಹೊಳೆಯ ಪ್ರತಿ ಮೀನುಗಾರರ ಮನೆಗೆ ಕನಿಷ್ಠ ಅಷ್ಟಾದರೂ ತಲುಪಲಿ, ಅದರ ಮೇಲೆ ಜಿಲ್ಲಾ ಪಂಚಾಯಿತಿ ಆ ತಿಂಗಳುಗಳಲ್ಲಿ ಉದ್ಯೋಗ ಖಾತ್ರಿಯ ಕೆಲಸ ಕೊಡಲಿ. ಬಡವರ ಹೊಟ್ಟೆಯ ಲೆಕ್ಕ ಬಿಟ್ಟು ಮಾಡಿದ ನಿಷೇಧ ಸಮುದ್ರದಲ್ಲೂ ನಿಂತಿಲ್ಲ, ಹೊಳೆಯಲ್ಲೂ ನಿಲ್ಲುವುದಿಲ್ಲ.

ದಾವಣಗೆರೆ ಮತ್ತು ಹಾವೇರಿಯ ಜಿಲ್ಲಾಧಿಕಾರಿಗಳಲ್ಲಿ, ಮೀನುಗಾರಿಕೆ ಇಲಾಖೆಯಲ್ಲಿ ನಮ್ಮ ಬೇಡಿಕೆ ನಾಲ್ಕು. ಮೊದಲನೆಯದು, ಎರಡು ಜಿಲ್ಲೆಗೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿಯುವ ಋತು ನಿಷೇಧ, ಒಂದೇ ಗಸ್ತು ತಂಡ. ಎರಡನೆಯದು, ವರ್ಷಕ್ಕೊಮ್ಮೆ ಹೊಳೆಯ ಮೀನಿನ ಸಮೀಕ್ಷೆ. ಯಾವ ಜಾತಿ ಎಷ್ಟು ಸಿಕ್ಕಿತು ಎಂಬ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರಲಿ. ಎಣಿಕೆಯೇ ಇಲ್ಲದೆ ಮಿತಿ ಹಾಕುವುದು ಹೇಗೆ? ಮೂರನೆಯದು, ಹರಿಹರದ ಬಳಿ ಆಳದ ಒಂದು ಮಡುವನ್ನು ಆರಿಸಿ ಮತ್ಸ್ಯಧಾಮವೆಂದು ಘೋಷಿಸಿ, ಅಲ್ಲಿ ವರ್ಷವಿಡೀ ಬಲೆಯೂ ಮರಳಿನ ಗಾಡಿಯೂ ಇಳಿಯದಿರಲಿ. ನಾಲ್ಕನೆಯದು, ಹೊಳೆಗೆ ಬಿಡುವ ಮರಿಗಳು ದೇಸಿಯವೇ ಆಗಿರಲಿ. ಭದ್ರಾ ಅಣೆಕಟ್ಟಿನ ಬುಡದಲ್ಲಿ, ಬಿ.ಆರ್. ಪ್ರಾಜೆಕ್ಟಿನಲ್ಲಿ ಇಲಾಖೆಯದೇ ದೊಡ್ಡ ಮೀನುಮರಿ ಕೇಂದ್ರವಿದೆ. ಕೆಮ್ಮೀನು, ಪುಲ್ಚೆಲ್ಲಸ್ ಗೆಂಡೆಗಳನ್ನು ಮರಿಮಾಡಿಸುವ ವಿದ್ಯೆ ಹೆಸರಘಟ್ಟದ ಸಿಹಿನೀರು ಮೀನುಸಾಕಣೆ ಸಂಶೋಧನಾ ಕೇಂದ್ರದಲ್ಲಿದೆ. ಇವೆರಡನ್ನು ಸೇರಿಸುವುದು ಒಂದು ಕಡತದ ಕೆಲಸ.

ದಾವಣಗೆರೆ ಮಹಾನಗರ ಪಾಲಿಕೆಗೆ, ಹರಿಹರ ನಗರಸಭೆಗೆ ಒಂದೇ ಮಾತು: ಸಂಸ್ಕರಿಸದ ಒಂದು ಹನಿಯೂ ಹೊಳೆಗೆ ಇಳಿಯಬಾರದು. ಒಳಚರಂಡಿ ಶುದ್ಧೀಕರಣ ಘಟಕಗಳು ಎಷ್ಟು ನೀರು ತೆಗೆದುಕೊಂಡವು, ಎಷ್ಟನ್ನು ಶುದ್ಧಮಾಡಿ ಬಿಟ್ಟವು ಎಂಬ ಲೆಕ್ಕವನ್ನು ಪ್ರತಿ ತಿಂಗಳು ಜನರ ಮುಂದಿಡಿ. ನೀರಾವರಿ ಇಲಾಖೆಗೆ ಇನ್ನೊಂದು: ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಭದ್ರೆಯಿಂದ ನೀರು ಬಿಡುವಾಗ ಮೀನಿನ ಮಡುಗಳು ಸಾಯದಷ್ಟು ಹರಿವು ಹೊಳೆಯಲ್ಲಿ ಉಳಿಯಲಿ.

ಮಠಗಳ ಪೂಜ್ಯರಲ್ಲಿ, ದೇವಸ್ಥಾನಗಳ ಸಮಿತಿಗಳಲ್ಲಿ ಕೈಮುಗಿದು ಕೇಳುತ್ತೇನೆ. ಹೊಳೆಗೆ ಆರತಿ ಎತ್ತುವ ಜನ ನಿಮ್ಮ ಒಂದು ಮಾತಿಗೆ ಕಿವಿಗೊಡುತ್ತಾರೆ. ಪ್ಲಾಸ್ಟಿಕ್, ಹಳೆ ಬಟ್ಟೆ, ಬಣ್ಣದ ಮೂರ್ತಿ ಹೊಳೆಗೆ ಹಾಕಬೇಡಿ ಎಂದು ಹೇಳುವಾಗಲೇ, ಬಸುರಿ ಮೀನನ್ನು ಕೊಲ್ಲಬೇಡಿ ಎಂದೂ ಹೇಳಿ. ಚಿಬ್ಬಲಗುಡ್ಡೆಯಲ್ಲಿ ಸಾಧ್ಯವಾದದ್ದು ಹರಿಹರದಲ್ಲೂ ಸಾಧ್ಯ.

ಶಾಲಾ ಕಾಲೇಜುಗಳ ಮೇಷ್ಟ್ರುಗಳೇ, ಪ್ರತಿ ವರ್ಷ ಒಂದು ತರಗತಿಯನ್ನು ಹೊಳೆಯ ದಡಕ್ಕೆ ಕರೆತನ್ನಿ. ಮೀನುಗಾರರನ್ನೇ ಪಾಠಕ್ಕೆ ಕರೆಯಿರಿ. ಯಾವ ಮೀನು ಯಾವಾಗ ಕಾಣಿಸಿತು ಎಂದು ಮಕ್ಕಳು ಬರೆದಿಡಲಿ. ಹತ್ತು ವರ್ಷದ ಆ ನೋಟ್‌ಬುಕ್ ಯಾವ ಇಲಾಖೆಯ ಕಡತಕ್ಕಿಂತಲೂ ಬೆಲೆಬಾಳುತ್ತದೆ.

ಕೊನೆಯ ಮಾತು

ಎರಡು ತಿಂಗಳು ಮೀನು ಬಿಟ್ಟರೆ ಹೊಳೆ ತುಂಬಿಬಿಡುತ್ತದೆಯೇ ಎಂದು ನೀವು ಕೇಳಬಹುದು. ಅಷ್ಟರಿಂದಲೇ ತುಂಬುವುದಿಲ್ಲ. ಕೊಳಚೆ ನಿಲ್ಲಬೇಕು, ಮರಳು ಉಳಿಯಬೇಕು, ಬೇಸಿಗೆಯಲ್ಲಿ ಹರಿವು ಇರಬೇಕು. ಇವೆಲ್ಲ ವರ್ಷಗಳ ಕೆಲಸ. ಆದರೆ ಮೊಟ್ಟೆಯ ಮೀನನ್ನು ಬಿಡುವುದಕ್ಕೆ ಯಾವ ಅನುದಾನವೂ ಬೇಡ, ಯಾವ ಟೆಂಡರೂ ಬೇಡ. ನಮ್ಮ ಕೈಯಲ್ಲೇ ಇರುವ ಕೆಲಸವಿದು, ಆದ್ದರಿಂದ ಇಲ್ಲಿಂದಲೇ ಶುರುಮಾಡೋಣ. ಸಾವಿರಾರು ಮೈಲಿ ಈಜುವ ಮೀನಿಗಾಗಿ ಒಬ್ಬರ ಭಾಷೆ ಒಬ್ಬರಿಗೆ ಬಾರದ ದೇಶಗಳು ಒಂದು ಕಾಗದಕ್ಕೆ ಸಹಿ ಹಾಕಿ, ಅದನ್ನು ನಡೆಸಿ, ಫಲ ಕಂಡಿವೆ. ನಮ್ಮ ನಡುವೆ ಇರುವುದು ಒಂದು ಸೇತುವೆಯಷ್ಟು ದೂರ. ಎರಡೂ ದಡದಲ್ಲಿ ಮಾತು ಒಂದೇ, ನೆಂಟಸ್ತನ ಒಂದೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಮಾತು ನಮಗೆ ಸಲ್ಲದಿರಲಿ.

ಆಗಸ್ಟ್ 15 ಸ್ವಾತಂತ್ರ್ಯದ ದಿನ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದ್ದೂ ಅದೇ ದಿನ. ಅಲ್ಲಿಯವರೆಗೆ ಹೊಳೆಯ ಮೀನಿಗೂ ಒಂದಿಷ್ಟು ಸ್ವಾತಂತ್ರ್ಯ ಕೊಡೋಣ. ಇದನ್ನು ಓದಿದವರು ಇವತ್ತೇ ಮೂರು ಕೆಲಸ ಮಾಡಿ: ಮನೆಯಲ್ಲಿ ಜೂನ್ 15ರಿಂದ ಹೊಳೆಮೀನು ಬೇಡ ಎಂದು ಹೇಳಿ, ನೀವು ಮೀನು ಕೊಳ್ಳುವ ಅಂಗಡಿಯವರಿಗೂ ಅದನ್ನೇ ಹೇಳಿ, ನಿಮ್ಮ ವಾರ್ಡಿನ ಸದಸ್ಯರಿಗೆ, ಶಾಸಕರಿಗೆ ಎರಡು ದಡಕ್ಕೆ ಒಂದೇ ನಿಯಮ ಬೇಕೆಂದು ಒಂದು ಪತ್ರ ಬರೆಯಿರಿ.